ಕಿಟಕಿಯ ಗಾಜು, ಕೊಯ್ಯುವ ಗಾಲಿ: ಒಂದು ಚಾರಿತ್ರಿಕ ಅವಲೋಕನ

ಶತಮಾನೋತ್ಸವದ ಸಂಚಿಕೆಯಲ್ಲಿ ಧರ್ಮಕೇಂದ್ರದ ಸ್ಥಾಪನೆ, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರು, ಧರ್ಮಭಗಿನಿಯರು, ಉದಾರ ದಾನಿಗಳು, ಇವರ ಸ್ಮರಣೆಗೆ ಅಗ್ರಸ್ಥಾನ ಸಲ್ಲುವುದು ನ್ಯಾಯವೇ ಆಗಿದೆ. ಆ ಪವಿತ್ರ ಕರ್ತವ್ಯವನ್ನು ಇತರ ಪುಟಗಳಿಗೆ ಬಿಟ್ಟು, ನಾವು ಇಲ್ಲಿ ಅತ್ಯಂತ ಕಿರಿದಾದ ಒಂದು ಉಪಕರಣದ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಅದು ಗಾಜು ಕೊಯ್ಯುವ ಕಟ್ಟರ್. ಅದರ ತುದಿಯಲ್ಲಿರುವ ಗಾಲಿ ನಮ್ಮ ತೋಟಗಳ ಮೆಣಸಿನ ಕಾಳಿಗಿಂತ ದೊಡ್ಡದಲ್ಲ. ಆದರೂ ಆ ಗಾಲಿ ಅಥವಾ ಅದರ ಪೂರ್ವಜರಾದ ಉಪಕರಣಗಳು ಹಾಯದೆ ಯಾವ ದೇವಾಲಯದ ಕಿಟಕಿಗೂ ಗಾಜು ಕೂರಲಿಲ್ಲ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಜ್ಯೂಬಿಲಿ ಸಮೀಪಿಸಿದಾಗ ದೇವಾಲಯದ ಜೀರ್ಣೋದ್ಧಾರದ ಮಾತು ಬರುವುದು ಸಹಜ. ಆಗ ಹಳೆಯ ಮರದ ಕಿಟಕಿಗಳನ್ನು ಕಿತ್ತು ಅಲ್ಯೂಮಿನಿಯಂ ಚೌಕಟ್ಟು ಹಾಕಿಸೋಣವೆಂಬ ಸಲಹೆ ಬಹುತೇಕ ಎಲ್ಲ ಕಡೆಯೂ ಕೇಳಿಬರುತ್ತದೆ. ಹತ್ತು ಗಾಜುಗಳಲ್ಲಿ ಎರಡು ಒಡೆದಿದ್ದರೆ ಹತ್ತನ್ನೂ ಎಸೆಯುವುದು ಅನಿವಾರ್ಯವೇ? ಒಡೆದ ಎರಡನ್ನು ಮಾತ್ರ ಬದಲಿಸಲು ಬರುವುದಿಲ್ಲವೇ? ಬರುತ್ತದೆ. ಅದಕ್ಕೆ ಬೇಕಾದುದು ಒಂದು ಒಳ್ಳೆಯ ಗಾಲಿ ಮತ್ತು ತಿಳಿದವರ ಒಂದು ಕೈ. ಈ ಎರಡರ ಪರಿಚಯವೇ ಪ್ರಸ್ತುತ ಲೇಖನದ ಉದ್ದೇಶ.

ಗಾಜು ಮಲೆನಾಡಿಗೆ ಬಂದ ಬಗೆ

ಕನ್ನಡ ನಾಡಿಗೆ ಗಾಜು ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಬಳೆಗೆ ಬೇಕಾದ ಗಾಜನ್ನು ಕುಲುಮೆಯಲ್ಲಿ ಕರಗಿಸುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಅದು ಬಳೆಯ ಗಾಜು. ಕಿಟಕಿಗೆ ಬೇಕಾದುದು ಹಾಳೆಯ ಗಾಜು. ಅದನ್ನು ತಯಾರಿಸುವ ಕ್ರಮ ನಮ್ಮಲ್ಲಿ ರೂಢಿಯಲ್ಲಿರಲಿಲ್ಲ, ಬೇಕೂ ಆಗಿರಲಿಲ್ಲ. ಮಲೆನಾಡಿನ ಮನೆಗಳ ಕಿಟಕಿಗೆ ಮರದ ಸರಳು, ಮರದ ಬಾಗಿಲು ಸಾಕಾಗಿದ್ದವು. ಗೋವೆಯ ಹಾಗೂ ಕೊಂಕಣ ತೀರದ ಹಳೆಯ ಇಗರ್ಜಿಗಳಲ್ಲಿಯೂ ಮನೆಗಳಲ್ಲಿಯೂ ಗಾಜಿನ ಬದಲು ಸಮುದ್ರದ ತೆಳುವಾದ ಚಿಪ್ಪನ್ನು ಚೌಕನೆ ಸವರಿ ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಅದರ ಮೂಲಕ ಬರುವ ಬೆಳಕು ಹಾಲಿನಂತೆ ಮೃದು. ಘಟ್ಟ ಹತ್ತಿ ಕಾಫಿ ಸೀಮೆಗೆ ಬಂದ ನಮ್ಮ ಹಿರಿಯರಲ್ಲಿ ಕರಾವಳಿಯವರು ಅನೇಕರಿದ್ದುದರಿಂದ ಈ ಮಾತನ್ನು ಇಲ್ಲಿ ಸ್ಮರಿಸುವುದು ಸೂಕ್ತ.

19ನೆಯ ಶತಮಾನದಲ್ಲಿ ಕಾಫಿ ತೋಟಗಳು ವಿಸ್ತರಿಸಿದಂತೆ ಯುರೋಪಿಯನ್ ತೋಟಗಾರರ ಬಂಗಲೆಗಳೂ ಮಿಷನರಿಗಳ ದೇವಾಲಯಗಳೂ ಎದ್ದವು. ಅವುಗಳೊಡನೆ ಗಾಜಿನ ಕಿಟಕಿಯೂ ಬಂದಿತು. ಹಾಳೆಗಾಜು ಆಗ ಹಡಗಿನಲ್ಲಿ ಬರುತ್ತಿದ್ದ ಪರದೇಶದ ಸರಕು. ಬೆಲ್ಜಿಯಂ ದೇಶದ ಗಾಜಿಗೆ ವಿಶೇಷ ಹೆಸರು. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ. ಅಲ್ಲಿಂದ ಮೇಲಕ್ಕೆ ಚಾರ್ಮಾಡಿಯಂತಹ ಘಟ್ಟದ ದಾರಿಗಳಲ್ಲಿ ಎತ್ತಿನ ಗಾಡಿಯೇ ಗತಿ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಒಡೆಯದೆ ಮೇಲೇರಿದ ಒಂದೊಂದು ಹಾಳೆಗೂ ಬೆಲೆಯಿತ್ತು. ಅಂತಹ ಹಾಳೆಯನ್ನು ಚೌಕಟ್ಟಿನ ಅಳತೆಗೆ ಇಲ್ಲಿಯೇ ಕೊಯ್ಯಬೇಕಾಗುತ್ತಿತ್ತು; ಒಂದು ಗೀಟು ತಪ್ಪಿದರೆ ಅಷ್ಟು ದೂರದ ಪ್ರಯಾಣವೂ ವ್ಯರ್ಥ.

ಕುದುರೆಮುಖದ ಹವೆಯನ್ನು ಬಲ್ಲವರಿಗೆ ಇಲ್ಲಿ ಗಾಜಿನ ಕಿಟಕಿ ಏಕೆ ಬೇಕಾಯಿತೆಂದು ವಿವರಿಸಬೇಕಾಗಿಲ್ಲ. 1,890 ಮೀಟರಿಗೂ ಮಿಗಿಲಾದ ಶಿಖರಕ್ಕೆ ಅಪ್ಪಳಿಸುವ ಪಡುವಣ ಗಾಳಿ, ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಕಿಟಕಿಯ ಬಾಗಿಲು ಮುಚ್ಚಿದರೆ ಬಲಿಪೂಜೆಯ ಹೊತ್ತಿಗೆ ಹಗಲಿನಲ್ಲಿಯೂ ದೀಪ ಬೇಕು. ತೆರೆದರೆ ಬಲಿಪೀಠದ ವಸ್ತ್ರ ತೊಯ್ಯುತ್ತದೆ. ಬೆಳಕನ್ನು ಒಳಬಿಟ್ಟು ಮಳೆಯನ್ನು ಹೊರಗೆ ನಿಲ್ಲಿಸುವ ಗಾಜು ನಮ್ಮ ಸೀಮೆಯಲ್ಲಿ ಆಡಂಬರವಾಗಿರದೆ ಅವಶ್ಯಕತೆಯಾಗಿತ್ತು.

ಕಾದ ಕಬ್ಬಿಣದಿಂದ ವಜ್ರದವರೆಗೆ

ಗಾಜನ್ನು ಬೇಕಾದ ಆಕಾರಕ್ಕೆ ತರುವ ವಿದ್ಯೆಯನ್ನು ಬರೆದಿಟ್ಟ ಹಿರಿಯರಲ್ಲಿ ಪ್ರಮುಖನು ಸನ್ಯಾಸಿಯೊಬ್ಬನೇ ಎಂಬುದು ನಮಗೆ ಸಂತೋಷದ ಸಂಗತಿ. 12ನೆಯ ಶತಮಾನದ ಆದಿಭಾಗದಲ್ಲಿ ಥಿಯೋಫಿಲಸ್ ಎಂಬ ಹೆಸರಿನಿಂದ ಬರೆದ ಆತನು, ಕಾಯಿಸಿದ ಕಬ್ಬಿಣದ ತುದಿಯನ್ನು ಗಾಜಿಗೆ ತಾಗಿಸಿ ಬಿರುಕು ಹುಟ್ಟಿಸುವುದನ್ನೂ, ಆ ಬಿರುಕನ್ನು ಕಬ್ಬಿಣದ ಹಿಂದೆ ಹಿಂದೆಯೇ ನಡೆಸಿಕೊಂಡು ಹೋಗುವುದನ್ನೂ, ಬಳಿಕ ಕಚ್ಚುಳ್ಳ ಇನ್ನೊಂದು ಕಬ್ಬಿಣದಿಂದ ಅಂಚನ್ನು ಚೂರುಚೂರಾಗಿ ಮುರಿದು ಸರಿಪಡಿಸುವುದನ್ನೂ ವಿವರಿಸಿದ್ದಾನೆ. ಫ್ರಾನ್ಸಿನ ಶಾರ್ತ್ರ್ ಪ್ರಧಾನಾಲಯದ ಜಗತ್ಪ್ರಸಿದ್ಧ ವರ್ಣಗಾಜಿನ ಬಹುಭಾಗ ಸಿದ್ಧವಾದುದು 13ನೆಯ ಶತಮಾನದ ಪೂರ್ವಾರ್ಧದಲ್ಲಿ. ವಜ್ರದ ತುದಿಯಾಗಲಿ ಗಾಲಿಯಾಗಲಿ ಆ ಕುಶಲಿಗಳ ಬಳಿ ಇರಲಿಲ್ಲ. ಇಂದಿನ ಕಟ್ಟರಿನ ತಲೆಯ ಪಕ್ಕದಲ್ಲಿ ಮೂರು ಕಚ್ಚುಗಳಿರುವುದನ್ನು ಹಲವರು ಕಂಡಿರಬಹುದು. ಅವು ಥಿಯೋಫಿಲಸನ ಕಾಲದ ಆ ಎರಡನೆಯ ಕಬ್ಬಿಣದ ಉಳಿಕೆ.

16ನೆಯ ಶತಮಾನದ ಹೊತ್ತಿಗೆ ಯುರೋಪಿನ ಗಾಜುಗಾರರ ಕೈಗೆ ವಜ್ರದ ತುದಿ ಬಂದಿತು. ಈ ಸಂದರ್ಭದಲ್ಲಿ ನಮ್ಮ ನಾಡಿನ ಪಾತ್ರವನ್ನು ಮರೆಯಲಾಗದು. ಬ್ರೆಜಿಲಿನಲ್ಲಿ 1720ರ ದಶಕದಲ್ಲಿ ವಜ್ರದ ನಿಕ್ಷೇಪಗಳು ಪತ್ತೆಯಾಗುವವರೆಗೆ ಜಗತ್ತಿನ ವಜ್ರಗಳೆಲ್ಲ ಬಹುಮಟ್ಟಿಗೆ ಭಾರತದಿಂದಲೇ ಹೋಗುತ್ತಿದ್ದವು. ಗೋಲ್ಕೊಂಡದ ಹೆಸರು ಎಲ್ಲರಿಗೂ ಗೊತ್ತು. ವಿಜಯನಗರದ ಅರಸರ ಕಾಲದಲ್ಲಿ ಇಂದಿನ ಅನಂತಪುರ ಜಿಲ್ಲೆಯ ವಜ್ರಕರೂರು ಕೂಡ ವಜ್ರಗಳಿಗೆ ಹೆಸರಾಗಿತ್ತು. ಆಭರಣಕ್ಕೆ ಒದಗದ ಕಿರುಹರಳುಗಳೇ ಗಾಜುಗಾರನ ಕೆಲಸಕ್ಕೆ ಸಾಕಾಗಿದ್ದುದರಿಂದ, ಅಂದಿನ ಯುರೋಪಿನ ಕಿಟಕಿಗಳನ್ನು ಅಳತೆಗೆ ತಂದ ತುದಿಗಳ ತವರು ನಮ್ಮ ಮಣ್ಣೇ ಎಂದರೆ ಅತಿಶಯೋಕ್ತಿಯಾಗದು.

ವಜ್ರದ ತುದಿಯದು ಒಂದು ವಿಚಿತ್ರ. ಆಭರಣದ ವಜ್ರದಂತೆ ಸಾಣೆ ಹಿಡಿದ ಚೂಪು ಅಂಚು ಗಾಜನ್ನು ಕೆರೆಯುತ್ತದೆಯೇ ಹೊರತು ಕೊಯ್ಯುವುದಿಲ್ಲ. ಸಹಜವಾಗಿ ಬಾಗಿದ ಅಂಚುಳ್ಳ ಹರಳು ಮಾತ್ರ ಕೊಯ್ಯುತ್ತದೆ. ಇದರ ಕಾರಣವನ್ನು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವುಲಸ್ಟನ್ 1816ರಲ್ಲಿ ಪ್ರಕಟಿಸಿದನು. ಬಾಗಿದ ಅಂಚು ಗಾಜನ್ನು ಕೆರೆಯದೆ ಎರಡು ಪಕ್ಕಕ್ಕೂ ಒತ್ತುತ್ತದೆ. ಆ ಒತ್ತಡದಿಂದ ನೇರ ಕೆಳಕ್ಕೆ ಕೂದಲೆಳೆಯಂತಹ ಬಿರುಕು ಹುಟ್ಟುತ್ತದೆ. ಮಾಣಿಕ್ಯ, ನೀಲಮಣಿಗಳನ್ನೂ ಅದೇ ಆಕಾರಕ್ಕೆ ತೀಡಿದರೆ ಅವೂ ಸ್ವಲ್ಪ ಹೊತ್ತು ಕೊಯ್ಯುತ್ತವೆ, ಆದರೆ ಬೇಗನೆ ಸವೆಯುತ್ತವೆ ಎಂದು ಆತನು ಪ್ರಯೋಗದಿಂದ ತೋರಿಸಿದನು. ಹೀಗೆ ಗಾಜಿಗೆ ಬೇಕಾದುದು ಹರಿತವಲ್ಲ, ತಕ್ಕ ಕೋನ ಎಂಬ ಸತ್ಯ ಹೊರಬಿದ್ದಿತು. ವಜ್ರದ ಕಟ್ಟರನ್ನು ಹಿಡಿಯುವ ಓರೆ ಒಬ್ಬೊಬ್ಬರಿಗೆ ಒಂದೊಂದು ಬಗೆಯಾದುದರಿಂದ ಕುಶಲಿಗಳು ತಮ್ಮ ವಜ್ರವನ್ನು ಇನ್ನೊಬ್ಬರ ಕೈಗೆ ಕೊಡಲು ಒಪ್ಪುತ್ತಿರಲಿಲ್ಲ.

ಗಾಲಿಯ ಆಗಮನ

1869ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಸ್ಯಾಮ್ಯುಯೆಲ್ ಮಾನ್ಸ್ ಎಂಬಾತನು ಉಕ್ಕಿನ ಸಣ್ಣ ಗಾಲಿಯುಳ್ಳ ಕಟ್ಟರಿಗೆ ಪೇಟೆಂಟ್ ಪಡೆದನು. ವಜ್ರವು ಸಿರಿವಂತ ಅಂಗಡಿಯವನ ಸೊತ್ತಾಗಿದ್ದರೆ, ಗಾಲಿಯ ಕಟ್ಟರ್ ಹಳ್ಳಿಯ ಬಡಗಿಯ ಚೀಲಕ್ಕೂ ಬಂದಿತು. ತೋಟದ ಬಂಗಲೆಗೆ ಬಾಗಿಲು ಮಾಡುವ ಆಚಾರಿಯೇ ಕಿಟಕಿಗೆ ಗಾಜನ್ನೂ ಕೂರಿಸುವಂತಾದುದು ಇಂತಹ ಅಗ್ಗದ ಉಪಕರಣದಿಂದ.

ಉಕ್ಕಿಗೆ ಎರಡು ಶತ್ರುಗಳು: ಸವೆತ ಮತ್ತು ತುಕ್ಕು. 1923ರಲ್ಲಿ ಬರ್ಲಿನ್ ನಗರದಲ್ಲಿ ಕಾರ್ಲ್ ಶ್ರ್ಯೋಟರ್, ವಿದ್ಯುದ್ದೀಪದ ಎಳೆಯನ್ನು ಎಳೆಯುವ ಅಚ್ಚಿಗಾಗಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಡುಸು ವಸ್ತುವನ್ನು ಕೋಬಾಲ್ಟ್ ಲೋಹದೊಡನೆ ಬೆಸೆಯುವ ಕ್ರಮವನ್ನು ಸಾಧಿಸಿದನು. ಅದು ಮಾರುಕಟ್ಟೆಗೆ ಬಂದುದು ‘ವಿಡಿಯಾ’ ಎಂಬ ಹೆಸರಿನಿಂದ. ಜರ್ಮನ್ ಭಾಷೆಯಲ್ಲಿ ‘ವಜ್ರದಂತೆ’ ಎಂಬುದರ ಸಂಕ್ಷೇಪ. ಮುಂದೆ ಅದರಿಂದಲೇ ಗಾಜಿನ ಗಾಲಿಗಳೂ ತಯಾರಾದವು. ಹಿಡಿಯೊಳಗೆ ಎಣ್ಣೆ ತುಂಬಿ ಗಾಲಿಗೆ ತಾನಾಗಿಯೇ ಇಳಿಯುವಂತಹ ಕಟ್ಟರುಗಳು ಈಗ ಪೇಟೆಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತವೆ.

ಗಾಜೂ ಬದಲಾಗಿದೆ. ಹಿಂದೆ ಊದಿ ಬಿಡಿಸಿದ ಹಾಳೆಗಳು ಒಂದೇ ದಪ್ಪವಿರುತ್ತಿರಲಿಲ್ಲ; ಅವುಗಳಲ್ಲಿ ಅಲೆ, ಗುಳ್ಳೆಗಳಿರುತ್ತಿದ್ದವು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ಕ್ರಮವನ್ನು ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್ 1959ರಲ್ಲಿ ಜಗತ್ತಿಗೆ ತಿಳಿಸಿದರು. 1990ರ ದಶಕದಿಂದ ಅದು ಭಾರತದಲ್ಲಿಯೂ ತಯಾರಾಗುತ್ತಿದೆ. ಹೊಸ ಗಾಜು ಕನ್ನಡಿಯಂತೆ ಸಮತಲ. ಆದ್ದರಿಂದಲೇ ಹಳೆಯ ಕಿಟಕಿಯಲ್ಲಿ ಒಂದು ಹೊಸ ಗಾಜು ಕೂರಿಸಿದರೆ ಅದು ಬೇರೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಹಳೆಯ ಗಾಜಿನ ಆಚೆಗೆ ಕಾಫಿ ತೋಟವೂ ಬೆಟ್ಟವೂ ಸ್ವಲ್ಪ ನಡುಗಿದಂತೆ ತೋರುವುದು ಅದರ ದೋಷವಲ್ಲ. ಅದನ್ನು ಊದಿದ ಉಸಿರಿನ ಗುರುತು.

ಆಯ್ಕೆ

ಗಾಜನ್ನು ಕೊಯ್ಯುತ್ತೇವೆಂಬುದು ಮಾತಿನ ರೂಢಿ. ವಾಸ್ತವವಾಗಿ ನಾವು ಗೀಟೆಳೆದು ಮುರಿಯುತ್ತೇವೆ. ಗಾಲಿಯ ಕೆಲಸ ಹಾಳೆಯ ಮೇಲ್ಮೈಯಲ್ಲಿ ಒಂದು ಬಿರುಕನ್ನು ಹುಟ್ಟಿಸುವುದು ಮಾತ್ರ. ಉಳಿದುದನ್ನು ಬಿರುಕೇ ಮಾಡುತ್ತದೆ. ಗಾಜಿನ ಬಲವನ್ನು ಕುಂದಿಸುವುದು ಕಣ್ಣಿಗೆ ಕಾಣದ ಬಿರುಕುಗಳೇ ಎಂಬುದನ್ನು ಎ. ಎ. ಗ್ರಿಫಿತ್ 1920ರ ಸುಮಾರಿನಲ್ಲಿ ಸಿದ್ಧಪಡಿಸಿದನು. ಈ ತತ್ತ್ವವನ್ನು ಮನಗಂಡರೆ ಕಟ್ಟರಿನ ಆಯ್ಕೆ ಸುಲಭ.

ಮೊದಲನೆಯದು ಗಾಲಿಯ ಅಂಚಿನ ಕೋನ. ಮನೆಯ, ದೇವಾಲಯದ ಕಿಟಕಿಗೆ ಬಳಸುವ ಎರಡು ಮೂರು ಮಿಲಿಮೀಟರ್ ಗಾಜಿಗೆ ಸುಮಾರು 130ರಿಂದ 140 ಡಿಗ್ರಿಯ ಅಂಚು ಸಾಕು. ಹತ್ತು ಮಿಲಿಮೀಟರಿನ ದಪ್ಪ ಗಾಜಿಗೆ 150 ಡಿಗ್ರಿ ಅಥವಾ ಅದಕ್ಕೂ ಮೊಂಡಾದ ಗಾಲಿ ಬೇಕು. ಅದು ಹೆಚ್ಚು ಒತ್ತಡವನ್ನು ತಾಳಿ ಬಿರುಕನ್ನು ಆಳಕ್ಕೆ ಇಳಿಸುತ್ತದೆ. ತೆಳು ಗಾಜಿಗೆ ದಪ್ಪ ಗಾಜಿನ ಗಾಲಿಯನ್ನು ಬಳಸಿದರೆ ಗೀಟು ಸರಿಯಾಗಿ ಮೂಡದೆ, ಒತ್ತಿದಷ್ಟೂ ಹಾಳೆ ಒಡೆಯುತ್ತದೆ.

ಎರಡನೆಯದು ವಸ್ತು. ವರ್ಷಕ್ಕೊಮ್ಮೆ ನಾಲ್ಕಾರು ಗಾಜು ಕೂರಿಸುವವರಿಗೆ ಉಕ್ಕಿನ ಗಾಲಿ ಸಾಕು. ಆದರೆ ನಮ್ಮ ಮಳೆಗಾಲದ ತೇವದಲ್ಲಿ ಉಕ್ಕು ಬಹು ಬೇಗ ತುಕ್ಕು ಹಿಡಿಯುವುದರಿಂದ, ಬೆಲೆ ಹೆಚ್ಚಾದರೂ ಕಾರ್ಬೈಡ್ ಗಾಲಿಯೇ ಈ ಸೀಮೆಗೆ ಮೇಲು. ಮೂರನೆಯದು ಪರೀಕ್ಷೆ. ಕೊಳ್ಳುವ ಮುನ್ನ ಗಾಲಿಯನ್ನು ಬೆರಳ ತುದಿಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಅದು ಸಲೀಸಾಗಿ ತಿರುಗಬೇಕು, ಆದರೆ ಅಕ್ಕಪಕ್ಕಕ್ಕೆ ಅಲುಗಾಡಬಾರದು. ಅಲುಗಾಡುವ ಗಾಲಿಯಿಂದ ನೇರವಾದ ಗೀಟು ಬರುವುದಿಲ್ಲ.

ಬಳಕೆ

ಹಾಳೆಯನ್ನು ಮೊದಲು ತೊಳೆದು ಒರೆಸಬೇಕು. ಧೂಳಿನ ಒಂದು ಕಣವೂ ಗಾಲಿಯನ್ನು ಹಾರಿಸುತ್ತದೆ. ಸಮತಟ್ಟಾದ ಮೇಜಿನ ಮೇಲೆ ಕಂಬಳಿ ಹಾಸಿ ಗಾಜನ್ನಿಡಬೇಕು. ಅಳತೆ ತೆಗೆಯುವಾಗ ಚೌಕಟ್ಟಿಗಿಂತ ಎರಡು ಮೂರು ಮಿಲಿಮೀಟರ್ ಕಡಿಮೆ ಇಟ್ಟುಕೊಳ್ಳುವುದು ಅಗತ್ಯ. ಬೇಸಿಗೆಯಲ್ಲಿ ಬಿಗಿಯಾಗಿ ಕೂತ ಗಾಜು, ಆಷಾಢದಲ್ಲಿ ಮರ ಉಬ್ಬಿದಾಗ ತಾನಾಗಿಯೇ ಸೀಳುತ್ತದೆ. ‘ಯಾರೂ ಮುಟ್ಟಲಿಲ್ಲ, ಗಾಜು ಒಡೆಯಿತು’ ಎಂದು ಅಚ್ಚರಿಪಡುವ ಅನೇಕ ಪ್ರಸಂಗಗಳ ರಹಸ್ಯ ಇದೇ.

ಗಾಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಕ್ಕಪಕ್ಕಕ್ಕೆ ವಾಲದಂತೆ ಹಿಡಿದು, ಅಳತೆಪಟ್ಟಿಗೆ ತಾಗಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಿಲ್ಲಿಸದೆ ಒಂದೇ ಗೀಟು ಎಳೆಯಬೇಕು. ಕೊನೆಯಲ್ಲಿ ಕೈಯನ್ನು ಹಗುರಮಾಡಬೇಕು. ಇಲ್ಲವಾದರೆ ಗಾಲಿ ಅಂಚಿನಿಂದ ಧುಮುಕಿ ಗಾಜಿನ ಮೂಲೆ ಹಾರುತ್ತದೆ. ಒತ್ತಡ ಸರಿಯಾಗಿದೆಯೇ ಎಂಬುದನ್ನು ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ರೇಷ್ಮೆಯನ್ನು ಹರಿದಂತೆ ಎಡೆಬಿಡದ ಸಣ್ಣ ಸದ್ದು ಬಂದರೆ ಗೀಟು ಸರಿ. ಕರಕರ ಸದ್ದು ಬಂದು, ಗೀಟು ಬಿಳಿಯ ಪುಡಿಯಾಗಿ ಸಿಡಿದರೆ ಬಲ ಹೆಚ್ಚಾಯಿತೆಂದು ತಿಳಿಯಬೇಕು. ಕೆಲಸಕ್ಕೆ ಹೊಸಬರಾದವರು ಸಾಮಾನ್ಯವಾಗಿ ಬಲವನ್ನೇ ನಂಬುತ್ತಾರೆ. ಗಾಜು ಬಲಕ್ಕೆ ಮಣಿಯುವುದಿಲ್ಲ.

ಗೀಟಿನ ಮೇಲೆ ಎರಡನೆಯ ಬಾರಿ ಗಾಲಿಯನ್ನು ಎಂದಿಗೂ ಎಳೆಯಕೂಡದು. ಅದರಿಂದ ಬಿರುಕು ಚದುರುತ್ತದೆ, ಗಾಲಿಯೂ ಕೆಡುತ್ತದೆ. ಎಳೆದ ಗೀಟನ್ನು ತಡಮಾಡದೆ ಮುರಿಯಬೇಕು. ಊಟ ಮಾಡಿ ಬರುವಷ್ಟರಲ್ಲಿ ಬಿರುಕಿನ ಬಿಗುವು ಸಡಿಲಗೊಂಡು, ಮುರಿತ ಅಡ್ಡಾದಿಡ್ಡಿಯಾಗಿ ಓಡುವುದುಂಟು. ಗೀಟನ್ನು ಮೇಜಿನ ಅಂಚಿಗೆ ಸರಿಯಾಗಿ ಇರಿಸಿ ಹೊರಭಾಗವನ್ನು ಕೆಳಕ್ಕೆ ಬಾಗಿಸಿದರೆ ಗಾಜು ಬೇರ್ಪಡುತ್ತದೆ. ಬಾಗಿದ ಗೀಟಾದರೆ ಅಡಿಯಿಂದ ಕಟ್ಟರಿನ ಗುಂಡು ತುದಿಯಿಂದ ಮೆಲ್ಲನೆ ತಟ್ಟುತ್ತ ಬಿರುಕನ್ನು ನಡೆಸಿಕೊಂಡು ಹೋಗಬೇಕು. ಕಿರಿದಾದ ಅಂಚನ್ನು ಇಕ್ಕಳದಿಂದ ಮುರಿಯಬೇಕು.

ವರ್ಣಗಾಜಿಗೆ ಕೆಲವು ವಿಶೇಷ ನಿಯಮಗಳಿವೆ. ಒಂದು ಮುಖ ಉಬ್ಬುತಗ್ಗಾಗಿದ್ದರೆ ನುಣುಪಾದ ಮುಖದ ಮೇಲೆಯೇ ಗೀಟು ಎಳೆಯಬೇಕು. ಹಳೆಯ ಕೆಂಪು ಗಾಜು ಬಹುವಾಗಿ ಬಿಳಿಗಾಜಿನ ಮೇಲೆ ತೆಳುವಾಗಿ ಕೆಂಪು ಪದರ ಹೊದಿಸಿದ್ದು. ಅಂತಹುದಕ್ಕೆ ಬಣ್ಣವಿಲ್ಲದ ಮುಖದಿಂದ ಗಾಲಿ ಹಾಯಿಸಬೇಕು. ನೂರು ವರ್ಷ ಮಳೆಬಿಸಿಲಿಗೆ ಒಡ್ಡಿಕೊಂಡ ಹೊರಮೈ ಸವೆದಿರುವುದರಿಂದ ಹಳೆಯ ಗಾಜನ್ನು ಒಳಮೈಯಿಂದ ಗೀಟುವುದು ಕ್ಷೇಮ. ಸೀಸದ ಪಟ್ಟಿಯಲ್ಲಿ ಕೂರಿಸಿದ ಗಾಜನ್ನು ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯದೆ ಅನ್ನ ಮುಟ್ಟಬಾರದು, ಸೀಸ ವಿಷ. ಬಿಸಿ ಮಾಡಿ ಹಠಾತ್ತನೆ ತಣಿಸಿ ಗಡುಸುಗೊಳಿಸಿದ ಇಂದಿನ ಗಾಜಿಗಂತೂ ಯಾವ ಗಾಲಿಯೂ ನಡೆಯದು. ಗೀಟು ಆಳಕ್ಕಿಳಿದೊಡನೆ ಇಡೀ ಹಾಳೆ ಪುಡಿಯಾಗುತ್ತದೆ.

ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು ಕಡ್ಡಾಯ. ಚೂರುಗಳನ್ನು ಕಾಗದದಲ್ಲಿ ಸುತ್ತಿ ದೂರವಿರಿಸಬೇಕು. ಕಾಫಿ ಒಣಗಿಸುವ ಕಣದ ಹತ್ತಿರವಾಗಲಿ ಮಕ್ಕಳು ಧರ್ಮೋಪದೇಶಕ್ಕೆ ಬರುವ ಹಾದಿಯಲ್ಲಾಗಲಿ ಈ ಕೆಲಸ ಸಲ್ಲದು. ಬರಿಗಾಲಿನವರ ಬಗ್ಗೆ ಎಚ್ಚರವಹಿಸುವುದೂ ಕಸುಬಿನ ಒಂದು ಅಂಗ.

ಪಾಲನೆ

ಕಟ್ಟರು ಕೆಡುವುದು ಕೆಲಸದಿಂದಲ್ಲ, ಅಲಕ್ಷ್ಯದಿಂದ. ಸುತ್ತಿಗೆ, ಉಳಿಗಳ ನಡುವೆ ಚೀಲದಲ್ಲಿ ಎಸೆದರೆ ಗಾಲಿಯ ಅಂಚಿಗೆ ಪೆಟ್ಟು ಬೀಳುತ್ತದೆ. ಅಂತಹ ಗಾಲಿ ಎಳೆದ ಗೀಟು ಬಿಟ್ಟು ಬಿಟ್ಟು ಬರುತ್ತದೆ. ಬಿಟ್ಟಲ್ಲೆಲ್ಲ ಗಾಜು ದಾರಿ ತಪ್ಪುತ್ತದೆ. ಅಗಲ ಬಾಯಿಯ ಗಾಜಿನ ಶೀಶೆಯ ತಳದಲ್ಲಿ ಹತ್ತಿ ಅಥವಾ ಉಣ್ಣೆಯ ಬಟ್ಟೆಯನ್ನಿಟ್ಟು, ಹೊಲಿಗೆ ಯಂತ್ರದ ತೆಳು ಎಣ್ಣೆಯಿಂದ ಅದನ್ನು ತೋಯಿಸಿ, ಕಟ್ಟರನ್ನು ತಲೆಕೆಳಗಾಗಿ ನಿಲ್ಲಿಸುವುದು ಸರಳವೂ ಉತ್ತಮವೂ ಆದ ಕ್ರಮ. ಕೆಲಸ ಮುಗಿದೊಡನೆ ಗಾಲಿಯ ಪಕ್ಕದಲ್ಲಿ ಸಿಕ್ಕಿಕೊಂಡ ಗಾಜಿನ ಪುಡಿಯನ್ನು ಕುಂಚದಿಂದ ತೆಗೆದು, ಅಚ್ಚಿಗೆ ಒಂದು ಹನಿ ಎಣ್ಣೆ ಬಿಡಬೇಕು. ಮೊಂಡಾದ ಅಗ್ಗದ ಗಾಲಿಯನ್ನು ಕಲ್ಲಿಗೆ ಉಜ್ಜಿ ಹರಿತಗೊಳಿಸುವ ಪ್ರಯತ್ನ ವ್ಯರ್ಥ. ಕೋನ ಕೆಟ್ಟ ಮೇಲೆ ಗಾಲಿ ಬದಲಿಸುವುದೇ ಸರಿ. ಆರು ಗಾಲಿಗಳ ತಲೆಯುಳ್ಳ ಕಟ್ಟರಾದರೆ ಸವೆದುದನ್ನು ತಿರುಗಿಸಿ ಮುಂದಿನದನ್ನು ಬಳಸಬಹುದು.

ಗಾಜಿನ ಹಾಳೆಗಳಿಗೂ ಪಾಲನೆ ಬೇಕು. ಒಂದರ ಮೇಲೊಂದು ಮಲಗಿಸಿಟ್ಟ ಹಾಳೆಗಳ ನಡುವೆ ಮಳೆಗಾಲದ ತೇವ ಸೇರಿದರೆ ಗಾಜಿನೊಳಗಿನ ಕ್ಷಾರ ಹೊರಬಂದು, ಎಷ್ಟು ಒರೆಸಿದರೂ ಹೋಗದ ಮಬ್ಬು ಕವಿಯುತ್ತದೆ. ನಡುವೆ ಕಾಗದವಿರಿಸಿ, ತುಸು ಓರೆಯಾಗಿ ನಿಲ್ಲಿಸಿ, ಒಣ ಜಾಗದಲ್ಲಿಡಬೇಕು.

ನಮ್ಮ ಮುಂದಿರುವ ಕರ್ತವ್ಯ

1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಸ್ಥಾಪಿತವಾಗುವವರೆಗೆ ನಮ್ಮ ಸೀಮೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಅದೇ ಮೈಸೂರಿನಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ದೇವಾಲಯದ ಫ್ರಾನ್ಸಿನ ವರ್ಣಗಾಜು ಇಂದಿಗೂ ಯಾತ್ರಿಕರ ಕಣ್ಮನ ಸೆಳೆಯುತ್ತಿದೆ. ಬೆಂಗಳೂರಿನ ಸಂತ ಮರಿಯಮ್ಮನವರ ಬಸಿಲಿಕಾದ ವರ್ಣಗಾಜನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಳಿಸಿ ಜೋಪಾನ ಮಾಡಿ, 1947ರಲ್ಲಿ ಪುನಃ ಕೂರಿಸಲಾಯಿತು. ಇಳಿಸಿದ ಗಾಜು ಮರಳಿ ತನ್ನ ಸ್ಥಾನ ಸೇರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದಕ್ಕೆ ಪ್ರತಿಯಾದ ದೃಶ್ಯವೂ ನೆರೆಯ ಹಾಸನ ಜಿಲ್ಲೆಯಲ್ಲಿದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಲುಕಿ, ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುತ್ತದೆ. ಅದರ ಕಿಟಕಿಗಳಲ್ಲಿ ಗಾಜಿಲ್ಲ. ಕಮಾನುಗಳ ಮೂಲಕ ಆಕಾಶವೇ ಕಾಣುತ್ತದೆ. ನಮ್ಮ ಕುದುರೆಮುಖದಲ್ಲಿಯೂ 1970ರ ದಶಕದಲ್ಲಿ ಕಬ್ಬಿಣದ ಅದಿರಿನ ಕಂಪನಿಗಾಗಿ ಎದ್ದ ಹೊಸ ಊರು, 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಬಹುಪಾಲು ಬರಿದಾದುದನ್ನು ನಾವು ಕಂಡಿದ್ದೇವೆ. ಜನರು ಬಿಟ್ಟುಹೋದ ಕಟ್ಟಡವನ್ನು ಉಳಿಸುವುದು ಕಷ್ಟ. ನಮ್ಮ ದೇವಾಲಯವನ್ನಾದರೋ ನಾವು ಬಿಟ್ಟುಹೋಗಿಲ್ಲ. ಪ್ರತಿ ಭಾನುವಾರ ಆ ಕಿಟಕಿಗಳ ಬೆಳಕಿನಲ್ಲಿಯೇ ಕೂರುತ್ತೇವೆ. ಆದ್ದರಿಂದ ನೆಪ ಹೇಳಲು ನಮಗೆ ಅವಕಾಶವಿಲ್ಲ.

ಈ ಸಂದರ್ಭದಲ್ಲಿ ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಮಂಡಿಸುತ್ತೇವೆ. ಒಂದು: ಪ್ರತಿ ಕಿಟಕಿಯ ಗಾಜಿನ ಅಳತೆ, ದಪ್ಪ, ಬಣ್ಣಗಳನ್ನು ಒಂದು ಪುಸ್ತಕದಲ್ಲಿ ಬರೆದು ದೇವಾಲಯದ ದಾಖಲೆಗಳೊಡನೆ ಇಡಬೇಕು. ಎರಡು: ಹಳೆಯ ಮನೆ, ಬಂಗಲೆಗಳನ್ನು ಕೆಡವುವಾಗ ದೊರೆಯುವ ಹಳೆಯ ಗಾಜನ್ನು ಮಾಲೀಕರ ಒಪ್ಪಿಗೆಯಿಂದ ಸಂಗ್ರಹಿಸಿ ಒಣ ಜಾಗದಲ್ಲಿ ಕಾಪಿಡಬೇಕು. ನಾಳೆ ಒಡೆಯುವ ಗಾಜಿಗೆ ಹೊಂದುವ ಜೊತೆ ಅದರಲ್ಲಿಯೇ ಸಿಕ್ಕೀತು. ಮೂರು: ನಮ್ಮ ಯುವಕ ಯುವತಿಯರಲ್ಲಿ ಇಬ್ಬರು ಮೂವರಾದರೂ ಅನುಭವಿ ಆಚಾರಿಗಳ ಬಳಿ ಈ ಕೆಲಸವನ್ನು ಕಲಿಯಬೇಕು. ಬೆಲೆಯಿಲ್ಲದ ಸಾದಾ ಗಾಜಿನ ಚೂರುಗಳ ಮೇಲೆ ಕೆಲವು ವಾರ ಕೈ ಪಳಗಿಸಿದ ಬಳಿಕವೇ ದೇವಾಲಯದ ಗಾಜನ್ನು ಮುಟ್ಟಬೇಕು.

ಇದಕ್ಕೆಲ್ಲ ದೊಡ್ಡ ದೇಣಿಗೆ ಬೇಕಾಗಿಲ್ಲ. ಒಂದು ಕಾರ್ಬೈಡ್ ಕಟ್ಟರ್, ಒಂದು ಶೀಶೆ ಎಣ್ಣೆ, ಒಂದು ಹಳೆಯ ಕಂಬಳಿ ಸಾಕು. ದೇವಾಲಯದ ಕಪಾಟಿನಲ್ಲಿ ಇವು ಸಿದ್ಧವಾಗಿದ್ದರೆ, ಮುಂದಿನ ಮಳೆಗಾಲದಲ್ಲಿ ಒಂದು ಗಾಜು ಒಡೆದಾಗ ಒಂದನ್ನೇ ಬದಲಿಸಬಹುದು. ಉಳಿದ ಗಾಜುಗಳು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇದ್ದಲ್ಲಿಯೇ ಇರುತ್ತವೆ.